55 ಲಕ್ಷ, ನಾಲ್ಕು ಆಸ್ತಿ, ಎಂಟು ವರ್ಷ: ಬೆಂಗಳೂರಿನ ಒಂದು ಬಾಡಿಗೆ ಮನೆ ಹೂಡಿಕೆಯ ಪ್ರಕರಣ ಅಧ್ಯಯನ

ರಾಜಾಜಿನಗರದಲ್ಲಿ ಸ್ವಂತ ಮನೆ ಇರುವ ದಂಪತಿ. ಗಂಡ ಪೀಣ್ಯದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್, ಆದಾಯ ಶೇ 30ರ ತೆರಿಗೆ ಹಂತದಲ್ಲಿದೆ. ಹೆಂಡತಿ ಖಾಸಗಿ ಶಾಲೆಯಲ್ಲಿ ಶಿಕ್ಷಕಿ. ಇಬ್ಬರದೂ ಸೇರಿ ಕೈಗೆ ಬರುವುದು ತಿಂಗಳಿಗೆ 2.1 ಲಕ್ಷ, ಮನೆ ಖರ್ಚು 1.2 ಲಕ್ಷ, ತೀರಿಸಬೇಕಾದ ಸಾಲ ಯಾವುದೂ ಇಲ್ಲ. ತಿಪಟೂರು ಕಡೆಯ ತೆಂಗಿನ ತೋಟದಲ್ಲಿ ಗಂಡನ ಪಾಲಿಗೆ ಬಂದದ್ದನ್ನು ಮಾರಿ, ಉಳಿತಾಯವನ್ನೂ ಸೇರಿಸಿದರೆ 55 ಲಕ್ಷ ರೂಪಾಯಿ ಇದೆ. ತೋಟ ಊರಿನ ಮಿತಿಯಿಂದ ದೂರದ ಗ್ರಾಮೀಣ ಕೃಷಿ ಭೂಮಿ, ಹಾಗಾಗಿ ಆ ಮಾರಾಟಕ್ಕೆ ಬಂಡವಾಳ ಲಾಭ ತೆರಿಗೆ ಬೀಳಲಿಲ್ಲ. ಮಗಳು ಐದನೇ ತರಗತಿ. ಎಂಟು ವರ್ಷದ ಮೇಲೆ ಅವಳ ಕಾಲೇಜಿಗೆ ದೊಡ್ಡ ಮೊತ್ತ ಬೇಕು, ಅಲ್ಲಿಯವರೆಗೆ ಬಾಡಿಗೆ ಬರುತ್ತಿರಲಿ ಎಂಬುದು ಇವರ ಆಸೆ.

ಇದು ಲೆಕ್ಕ ಬಿಡಿಸಿ ತೋರಿಸಲು ಕಟ್ಟಿಕೊಂಡ ಮಾದರಿ ಕುಟುಂಬ. ಬೆಲೆ, ಬಾಡಿಗೆಗಳೂ ಮಾದರಿಯವೇ. ಶುಲ್ಕ, ತೆರಿಗೆ, ಕಾನೂನು ಮಾತ್ರ 2025–26ರಲ್ಲಿ ಬೆಂಗಳೂರಿನಲ್ಲಿ ಜಾರಿಯಲ್ಲಿದ್ದವು.

ಅವರ ಮುಂದೆ ಬಂದದ್ದು ನಾಲ್ಕು ಆಸ್ತಿ. ಹೊಸಕೋಟೆ ತಾಲ್ಲೂಕಿನಲ್ಲಿ 30×40 ಅಡಿಯ ರೆವಿನ್ಯೂ ಸೈಟು (ಬಡಾವಣೆ ಅನುಮೋದನೆ ಇಲ್ಲದ ಕೃಷಿ ಜಮೀನಿನ ನಿವೇಶನ), 36 ಲಕ್ಷ. ವರ್ತೂರು–ಗುಂಜೂರು ಕಡೆ ಇನ್ನೂ ಕಟ್ಟುತ್ತಿರುವ 2 ಬಿಎಚ್‌ಕೆ ಫ್ಲ್ಯಾಟ್, 98 ಲಕ್ಷ. ದಾಸರಹಳ್ಳಿ ಮೆಟ್ರೊ ನಿಲ್ದಾಣಕ್ಕೆ ನಡೆದು ಹೋಗುವ ದೂರದಲ್ಲಿ ಹಳೆಯ ಫ್ಲ್ಯಾಟ್ ಎರಡು: ಎತ್ತರದ ಕಟ್ಟಡದಲ್ಲಿ 1,080 ಚದರ ಅಡಿಯದು, ಕೇಳಿದ ಬೆಲೆ 82 ಲಕ್ಷ, ಅದರ ಹಿಂದಿನ ರಸ್ತೆಯ ಮೂರು ಅಂತಸ್ತಿನ ಕಟ್ಟಡದಲ್ಲಿ 820 ಚದರ ಅಡಿಯದು, ಕೇಳಿದ ಬೆಲೆ 61 ಲಕ್ಷ.

ಆಸ್ತಿ ಹೂಡಿಕೆಯ ಅಪಾಯದಲ್ಲಿ ಎರಡು ಜಾತಿ ಇದೆ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಬಡ್ಡಿ ಏರುವುದು, ಮನೆ ಖಾಲಿ ಬೀಳುವುದು, ಕಟ್ಟಡ ತಡವಾಗುವುದು ಒಂದು ಜಾತಿ. ಇವನ್ನು ರೂಪಾಯಿಯಲ್ಲಿ ಅಳೆದು ಬೆಲೆಯಲ್ಲಿ ಕಳೆಯಬಹುದು. ಹಕ್ಕಿನ ದೋಷ ಇನ್ನೊಂದು ಜಾತಿ. ಅದಕ್ಕೆ ರಿಯಾಯಿತಿ ಎಂಬುದೇ ಇಲ್ಲ, ಏಕೆಂದರೆ ಹೋದರೆ ಪೂರ್ತಿ ಹೋಗುತ್ತದೆ. ಈ ಎರಡನ್ನು ಬೆರೆಸಿದಾಗಲೇ ಜನ ಕೆಡುವುದು.

ಅಗ್ಗದ ಸೈಟು

ಹೊಸಕೋಟೆಯ ಸೈಟಿಗೆ ಚದರ ಅಡಿಗೆ 3,000 ರೂಪಾಯಿ. ಪಕ್ಕದಲ್ಲೇ ಯೋಜನಾ ಪ್ರಾಧಿಕಾರದ ಅನುಮೋದನೆ ಇರುವ ಬಡಾವಣೆಯಲ್ಲಿ 4,200. ಸಾಲವೇ ಬೇಕಿಲ್ಲ, 19 ಲಕ್ಷ ಉಳಿಯುತ್ತದೆ. ಬ್ರೋಕರ್ ಮಾತು ಇಷ್ಟೇ: ‘ಸಾರ್, ಇಸಿ (ಋಣಭಾರ ಪತ್ರ) ಕ್ಲೀನ್ ಇದೆ, ಪಂಚಾಯಿತಿ ಖಾತೆ ಇದೆ, ಇನ್ನೇನು ಬೇಕು?’

ಆ ಖಾತೆ ಇ-ಸ್ವತ್ತಿನ (ಗ್ರಾಮ ಪಂಚಾಯಿತಿಗಳ ಆಸ್ತಿ ದಾಖಲೆ ವ್ಯವಸ್ಥೆಯ) ನಮೂನೆ 11ಬಿ. ಅದು ಪಂಚಾಯಿತಿ ತೆರಿಗೆ ವಸೂಲಿಗೆ ಇಟ್ಟುಕೊಂಡ ದಾಖಲೆ. ಭೂಪರಿವರ್ತನೆ ಆಗಿದೆ, ಬಡಾವಣೆ ನಕ್ಷೆ ಮಂಜೂರಾಗಿದೆ ಎಂದು ಅದು ಹೇಳುವುದಿಲ್ಲ. ಹಕ್ಕನ್ನಂತೂ ಕೊಡುವುದೇ ಇಲ್ಲ.

ಇಸಿಗೂ ಮಿತಿಯಿದೆ. ಆ ಆಸ್ತಿಯ ಮೇಲೆ ನೋಂದಣಿಯಾದ ಪತ್ರಗಳನ್ನು ಮಾತ್ರ ಅದು ತೋರಿಸುತ್ತದೆ. ನೋಂದಣಿಯಾಗದ ಕರಾರು, ನ್ಯಾಯಾಲಯದಲ್ಲಿರುವ ಪಾಲಿನ ದಾವೆ, ಭೂಮಂಜೂರಾತಿಯ ಷರತ್ತು ಯಾವುದೂ ಅದರಲ್ಲಿ ಬರುವುದಿಲ್ಲ. ಅಲ್ಲದೆ ಹುಡುಕಿದ ವಿವರಣೆಗೆ ಮಾತ್ರ ಉತ್ತರ ಸಿಗುತ್ತದೆ. ಸರ್ವೆ ನಂಬರ್ 45/2 ಎಂದು ಹುಡುಕಿದರೆ 45/2ಎ1 ಎಂದು ನೋಂದಣಿಯಾದ ಅಡಮಾನ ಕಣ್ಣಿಗೆ ಬೀಳದೆ ಹೋಗಬಹುದು. ಹಾಗಾಗಿ ಸರ್ವೆ ನಂಬರ್, ಪೋಡಿಗೆ (ಸರ್ವೆ ನಂಬರ್ ಒಡೆಯುವುದಕ್ಕೆ) ಮುಂಚಿನ ನಂಬರ್, ಸೈಟ್ ನಂಬರ್, ಖಾತೆ ನಂಬರ್ ಒಂದೊಂದರ ಮೇಲೂ ಬೇರೆ ಬೇರೆಯಾಗಿ ಇಸಿ ತೆಗೆಸಬೇಕು. 2004ರ ಏಪ್ರಿಲ್‌ನಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲೇ ಸಿಗುತ್ತದೆ. ಅದಕ್ಕೂ ಹಿಂದಿನದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಕೊಟ್ಟು ಪುಸ್ತಕದಿಂದ ಹುಡುಕಿಸಬೇಕು.

ವಕೀಲರು ಮಾಡಿದ ಮೊದಲ ಕೆಲಸ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ಕೈಬರಹದ ಹಳೆಯ ಪಹಣಿಗಳ ನಕಲು ತರಿಸಿದ್ದು. ಕಂಪ್ಯೂಟರ್ ಪಹಣಿಯಲ್ಲಿ ಸ್ವಾಧೀನತೆಯ ರೀತಿ ಬರೆಯುವ 10ನೇ ಕಾಲಂನಲ್ಲಿ ಬರೀ ಒಂದು ಎಂಆರ್ (ಹಕ್ಕು ಬದಲಾವಣೆ ವಹಿಯ) ನಂಬರ್ ಇತ್ತು. 1970ರ ದಶಕದ ಪಹಣಿಯ ಅದೇ ಕಾಲಂನಲ್ಲಿ ಇದ್ದದ್ದು ದರಖಾಸ್ತು ಮಂಜೂರಾತಿಯ (ಸರ್ಕಾರಿ ಜಮೀನು ಹಂಚಿಕೆಯ) ಆದೇಶ ಸಂಖ್ಯೆ. ಅದರ ಬೆನ್ನು ಹಿಡಿದು ಸಾಗುವಳಿ ಚೀಟಿಯ (ಮಂಜೂರಾತಿ ಪತ್ರದ) ನಕಲು ತೆಗೆಸಿದರೆ, ಜಮೀನು ಪರಿಶಿಷ್ಟ ಜಾತಿಯ ಕುಟುಂಬವೊಂದಕ್ಕೆ ಸರ್ಕಾರ ಕೊಟ್ಟದ್ದು, ನಿಗದಿತ ಅವಧಿವರೆಗೆ ಪರಭಾರೆ ಮಾಡಬಾರದೆಂಬ ಷರತ್ತು ಬೇರೆ. 1990ರ ದಶಕದಲ್ಲಿ ಮಂಜೂರುದಾರರ ಮಗನಿಂದ ಕೊಂಡವರು ಸರ್ಕಾರದ ಅನುಮತಿ ಪಡೆದ ದಾಖಲೆ ಎಲ್ಲೂ ಇಲ್ಲ.

ಇಂಥ ಜಮೀನಿಗೆ 1978ರ ಪಿಟಿಸಿಎಲ್ ಕಾಯ್ದೆ (ಪರಿಶಿಷ್ಟ ಜಾತಿ, ಪಂಗಡಗಳಿಗೆ ಸರ್ಕಾರ ಕೊಟ್ಟ ಜಮೀನಿನ ಪರಭಾರೆ ತಡೆಯುವ ಕಾನೂನು) ಅನ್ವಯಿಸುತ್ತದೆ. ಅನುಮತಿಯಿಲ್ಲದ ಮಾರಾಟ ಅಸಿಂಧು. ಉಪವಿಭಾಗಾಧಿಕಾರಿ ಜಮೀನನ್ನು ವಾಪಸ್ ಪಡೆದು ಮಂಜೂರುದಾರರಿಗೆ ಅಥವಾ ಅವರ ವಾರಸುದಾರರಿಗೆ ಕೊಡಿಸಬಹುದು. ಅರ್ಜಿ ತುಂಬ ತಡವಾಗಿ ಬಂತು ಎಂಬ ವಾದಕ್ಕೆ ಮೊದಲು ಸ್ವಲ್ಪ ಬೆಲೆಯಿತ್ತು. 2023ರ ತಿದ್ದುಪಡಿ ಅರ್ಜಿಗೆ ಕಾಲಮಿತಿ ಇಲ್ಲವೆಂದು ಬರೆದಿಟ್ಟಿತು. ಬಡ ಕುಟುಂಬಕ್ಕೆ ಕೊಟ್ಟ ನೆಲ ಅವರಿಗೇ ಉಳಿಯಲೆಂದು ಮಾಡಿದ ಕಾನೂನು ಇದು, ನ್ಯಾಯವಾದದ್ದು. ನಡುವೆ ಎಷ್ಟು ಕೈ ಬದಲಾಗಿದೆ, ಕೊಂಡವನಿಗೆ ಗೊತ್ತಿತ್ತೇ ಎಂಬುದರಿಂದ ಕ್ರಯಕ್ಕೆ ಬಲ ಬರುವುದಿಲ್ಲ.

ಮಾಲೀಕರು 36 ಲಕ್ಷವನ್ನು 30ಕ್ಕೆ ಇಳಿಸಲು ಒಪ್ಪಿದರು. ವಕೀಲರು 20 ಲಕ್ಷಕ್ಕೂ ಬೇಡ ಎಂದರು, ಅದು ಸರಿ. ಇಂಥ ಸೈಟಿಗೆ ಸಾಮಾನ್ಯವಾಗಿ ದೊಡ್ಡ ಬ್ಯಾಂಕುಗಳು ಸಾಲ ಕೊಡುವುದಿಲ್ಲ. ಎಂಟು ವರ್ಷದ ಮೇಲೆ ಇವರಿಂದ ಕೊಳ್ಳುವವರೂ ಪೂರ್ತಿ ನಗದು ಇರುವವರೇ ಆಗಬೇಕು. ಬಾಡಿಗೆಯಂತೂ ಒಂದು ರೂಪಾಯಿ ಇಲ್ಲ.

ಕಟ್ಟುತ್ತಿರುವ ಫ್ಲ್ಯಾಟ್

ವರ್ತೂರು ಕಡೆಯ ಫ್ಲ್ಯಾಟಿನಲ್ಲಿ ಹಕ್ಕಿನ ದೋಷ ಕಾಣಲಿಲ್ಲ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಇದೆ, ಮಂಜೂರಾದ ನಕ್ಷೆ, ಕಾಮಗಾರಿ ಆರಂಭದ ಪತ್ರ, ತ್ರೈಮಾಸಿಕ ವರದಿ ಎಲ್ಲ ರೇರಾ ಜಾಲತಾಣದಲ್ಲಿದೆ. ಕೊಳ್ಳುವವರಿಂದ ಬಂದ ಹಣದ ಶೇ 70ನ್ನು ಆ ಯೋಜನೆಯ ಪ್ರತ್ಯೇಕ ಖಾತೆಯಲ್ಲೇ ಇಡಬೇಕು, ಸ್ವಾಧೀನ ಕೊಟ್ಟ ಮೇಲೆ ಐದು ವರ್ಷ ರಚನಾ ದೋಷಕ್ಕೆ ಬಿಲ್ಡರ್ ಹೊಣೆ ಎಂಬ ಕಾನೂನಿನ ಕಟ್ಟೂ ಇದೆ. ಆದರೆ ಇದು ಈ ಕುಟುಂಬದ ಲೆಕ್ಕಕ್ಕೆ ಕೂಡಲಿಲ್ಲ.

98 ಲಕ್ಷದ ಮೇಲೆ ಜಿಎಸ್‌ಟಿ ಶೇ 5, ಅಂದರೆ 4.9 ಲಕ್ಷ. ನೋಂದಣಿ, ಮುದ್ರಾಂಕಕ್ಕೆ 7.45 ಲಕ್ಷ. ಕಪಾಟು, ಫ್ಯಾನು, ಗ್ರಿಲ್ ಎಂದು 5 ಲಕ್ಷ ಇಟ್ಟರೆ ಒಟ್ಟು 115 ಲಕ್ಷ ಮುಟ್ಟುತ್ತದೆ. ಇದ್ದ 55 ಪೂರ್ತಿ ಹೋಗಿ 60 ಲಕ್ಷ ಸಾಲ. ಎಂಟು ವರ್ಷದಲ್ಲಿ ಮೊದಲ ಮೂರು ವರ್ಷ ಬಾಡಿಗೆಯಿಲ್ಲ. ಅದಾದ ಮೇಲೆ ತಡವಾದ ಪ್ರತಿ ತಿಂಗಳಿಗೂ ಶೇ 8ರಂತೆ 40,000 ಬಡ್ಡಿ ಕಟ್ಟಬೇಕು, ಬರಬೇಕಿದ್ದ 32,000 ಬಾಡಿಗೆ ಬರುವುದಿಲ್ಲ. ಒಂದು ವರ್ಷ ತಡವಾದರೆ 8.64 ಲಕ್ಷ ಹೋಯಿತು. ತಡಕ್ಕೆ ಬಿಲ್ಡರ್ ಬಡ್ಡಿ ಕೊಡಬೇಕೆಂದು ರೇರಾ ಹೇಳುತ್ತದೆ. ಕರ್ನಾಟಕದ ನಿಯಮದಲ್ಲಿ ಅದು ಎಸ್‌ಬಿಐ ಎಂಸಿಎಲ್‌ಆರ್ (ಬ್ಯಾಂಕಿನ ಮೂಲ ಸಾಲದರ) ಮೇಲೆ ಶೇ 2. ಆದೇಶ ಸಿಕ್ಕಿದರೂ ಬಿಲ್ಡರ್ ಕೊಡದಿದ್ದರೆ ಭೂಕಂದಾಯ ಬಾಕಿಯಂತೆ ಜಿಲ್ಲಾಡಳಿತದ ಮೂಲಕ ವಸೂಲಾಗಬೇಕು. ಇದು ಬೇಗ ಮುಗಿಯುವ ಕೆಲಸವಲ್ಲ. ಹೂಡಿಕೆಯ ಲೆಕ್ಕದಲ್ಲಿ ಆ ಬಡ್ಡಿಯನ್ನು ಸೊನ್ನೆ ಎಂದೇ ಬರೆಯುವುದು ಕ್ಷೇಮ.

ಮಾರಾಟದ ಹಾಳೆಯಲ್ಲಿ ಪೆರಿಫೆರಲ್ ರಿಂಗ್ ರೋಡಿನ ಹೆಸರೂ ಇತ್ತು. ಎರಡು ದಶಕಗಳಿಂದ ಕಾಗದದ ಮೇಲಿರುವ ರಸ್ತೆಗೆ ಇವತ್ತೇ ದುಡ್ಡು ತೆರುವುದು ಬೇಡ. ದಾಸರಹಳ್ಳಿಯಲ್ಲಿ ಮೆಟ್ರೊ 2015ರಿಂದ ಓಡುತ್ತಿದೆ. ಅದರ ಲಾಭ ಬಾಡಿಗೆಯಲ್ಲಿ ಎಷ್ಟು ಎಂಬುದು ಇವತ್ತು ಬರುತ್ತಿರುವ ಬಾಡಿಗೆಯಲ್ಲೇ ಕಾಣುತ್ತದೆ.

ದಾಸರಹಳ್ಳಿಯ ಎರಡು ಫ್ಲ್ಯಾಟ್

ಉಳಿದದ್ದು ಎರಡು, ಎರಡಕ್ಕೂ ಎ ಖಾತಾ (ಸಕ್ರಮ ಆಸ್ತಿಗೆ ನಗರಾಡಳಿತ ಕೊಡುವ ದಾಖಲೆ), ಓಸಿ (ಕಟ್ಟಡದಲ್ಲಿ ವಾಸಿಸಬಹುದೆಂಬ ಪ್ರಮಾಣಪತ್ರ) ಇವೆ. ದೊಡ್ಡ ಫ್ಲ್ಯಾಟು 82ರಿಂದ 78 ಲಕ್ಷಕ್ಕೆ ಇಳಿಯಿತು, ಚಿಕ್ಕದು 61ರಿಂದ 56ಕ್ಕೆ. ಬ್ಯಾಂಕ್ ಸಾಲ ಸುಲಭವಾಗಿ ಸಿಗುತ್ತದೆ, ಸಂಬಳವೂ ಚೆನ್ನಾಗಿದೆ. ಇಂಥ ಸ್ಥಿತಿಯಲ್ಲಿ ಬಹುಪಾಲು ಜನ ದೊಡ್ಡದಕ್ಕೇ ಹೋಗುತ್ತಾರೆ.

ಮೊದಲು ದೊಡ್ಡದರ ನಿಜವಾದ ಬೆಲೆ ನೋಡೋಣ. ಮುದ್ರಾಂಕ ಶುಲ್ಕ ಶೇ 5, ಆ ಶುಲ್ಕದ ಮೇಲೆ ಶೇ 10 ಸೆಸ್, ಶೇ 2 ಸರ್‌ಚಾರ್ಜ್ ಸೇರಿ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು 2. ಒಟ್ಟು ಶೇ 7.6, ಅಂದರೆ 5,92,800 ರೂಪಾಯಿ. ಕ್ರಯದ ಬೆಲೆಗಿಂತ ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ದರ ಹೆಚ್ಚಿದ್ದರೆ ಆ ದರದ ಮೇಲೆ ಕಟ್ಟಬೇಕು. ಬ್ರೋಕರ್‌ಗೆ 78,000, ವಕೀಲರಿಗೆ 20,000, ಖಾತೆ ವರ್ಗಾವಣೆ, ಬೆಸ್ಕಾಂ ಹೆಸರು ಬದಲಾವಣೆ, ಫ್ಲ್ಯಾಟ್ ಮಾಲೀಕರ ಸಂಘದ ಶುಲ್ಕಕ್ಕೆ 40,000, ಸಾಲದ ಪ್ರಕ್ರಿಯೆಗೆ 45,000, ಬಣ್ಣ, ನಲ್ಲಿ, ವೈರಿಂಗ್, ಸೊಳ್ಳೆ ಜಾಲರಿಗೆ 1,60,000. ಎಲ್ಲ ಕೂಡಿ 87,35,800. ಅಂದರೆ 78 ಲಕ್ಷದ ಮೇಲೆ ಶೇ 12. ಸಾಲ 40 ಲಕ್ಷ ತೆಗೆದರೆ ಸ್ವಂತ ಹಣ 47.36 ಲಕ್ಷ.

ಬಾಡಿಗೆ 26,000, ಮೇಂಟೆನೆನ್ಸ್ ಬಾಡಿಗೆದಾರರದು. ವರ್ಷಕ್ಕೆ 3.12 ಲಕ್ಷ, 78ರ ಮೇಲೆ ಶೇ 4 ಎಂದು ಬ್ರೋಕರ್ ಹೇಳುವ ಲೆಕ್ಕ ಇದೇ. ವರ್ಷಕ್ಕೆ ಒಂದು ತಿಂಗಳು ಖಾಲಿ ಎಂದು ಹಿಡಿಯಿರಿ, 2.86 ಲಕ್ಷ. ಆಸ್ತಿ ತೆರಿಗೆ 7,000, ರಿಪೇರಿಗೆ 20,000, ಸಂಘದ ಕಾರ್ಪಸ್ ನಿಧಿಗೆ (ದೊಡ್ಡ ರಿಪೇರಿಗೆಂದು ಕೂಡಿಡುವ ಹಣ) 12,000, ಖಾಲಿ ತಿಂಗಳ ಮೇಂಟೆನೆನ್ಸ್ 3,400, ವಿಮೆ 3,000 ಕಳೆದರೆ 2,40,600 ಉಳಿಯುತ್ತದೆ. 87.36 ಲಕ್ಷದ ಮೇಲೆ ಇದು ಶೇ 2.75.

ಕೊನೆಯ ಈ ಅಂಕಿ ಮುಖ್ಯ. ನಿವ್ವಳ ಬಾಡಿಗೆ 2.75, ಬೆಲೆ ವರ್ಷಕ್ಕೆ ಶೇ 5 ಏರಿತೆಂದೇ ಇಟ್ಟುಕೊಂಡರೂ ಆಸ್ತಿ ದುಡಿಯುವುದು 7.75. ಸಾಲದ ಬಡ್ಡಿ 8. ಸಾಲದ ಪ್ರತಿ ರೂಪಾಯಿ ಪ್ರತಿಫಲವನ್ನು ಕೆಳಕ್ಕೆ ಎಳೆಯುತ್ತಿದೆ. ಸಾಲ ತೆಗೆದರೆ ಲಾಭ ಹಿಗ್ಗುತ್ತದೆ ಎಂಬ ಮಾತು ಆಸ್ತಿಯ ಒಟ್ಟು ದುಡಿಮೆ ಬಡ್ಡಿಗಿಂತ ಹೆಚ್ಚಿದ್ದಾಗ ಮಾತ್ರ ನಿಜ.

ಈಗ ಚಿಕ್ಕದು. 56 ಲಕ್ಷ, ನೋಂದಣಿ ಮುದ್ರಾಂಕ 4,25,600, ಬ್ರೋಕರ್ 56,000, ವಕೀಲರು 20,000, ವರ್ಗಾವಣೆಗಳಿಗೆ 35,000, ಸಾಲದ ಖರ್ಚು 20,000, ರಿಪೇರಿ 1,20,000. ಒಟ್ಟು 62,76,600. ಸಾಲ 15 ಲಕ್ಷ ಮಾತ್ರ, 10 ವರ್ಷಕ್ಕೆ. ಸ್ವಂತ ಹಣ 47.77 ಲಕ್ಷ. ಬಾಡಿಗೆ 20,000, ಅದೇ ರೀತಿ ಖಾಲಿ ತಿಂಗಳು, ಖರ್ಚು ಕಳೆದರೆ ವರ್ಷಕ್ಕೆ 1,86,000, ಹೂಡಿದ್ದರ ಮೇಲೆ ಶೇ 2.96.

ಸ್ವಂತ ಹಣ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಸಾಲದ್ದು. ಬಾಡಿಗೆ ವರ್ಷಕ್ಕೆ ಶೇ 5 ಏರುತ್ತದೆ, ಎಂಟನೇ ವರ್ಷದ ಕೊನೆಗೆ ಮಾರುತ್ತಾರೆ, ಮಾರುವ ಖರ್ಚು ಶೇ 1, ದೀರ್ಘಾವಧಿ ಬಂಡವಾಳ ಲಾಭದ ಮೇಲೆ ಶೇ 12.5 ತೆರಿಗೆ, ಅದರ ಮೇಲೆ ಶೇ 4 ಸೆಸ್ ಸೇರಿ 13 ಎಂದು ಹಿಡಿದು ಸ್ವಂತ ಹಣದ ವಾರ್ಷಿಕ ಪ್ರತಿಫಲ ಲೆಕ್ಕ ಹಾಕಿದರೆ ಹೀಗೆ ಬರುತ್ತದೆ.

ಬೆಲೆ ವರ್ಷಕ್ಕೆ ಶೇ 7 ಏರಿದರೆ: ದೊಡ್ಡದು 7.3, ಚಿಕ್ಕದು 7.2.
ಶೇ 5 ಏರಿದರೆ: ದೊಡ್ಡದು 4.7, ಚಿಕ್ಕದು 5.3.
ಶೇ 3 ಏರಿದರೆ: ದೊಡ್ಡದು 2.0, ಚಿಕ್ಕದು 3.4.
ಏರದೇ ನಿಂತರೆ: ದೊಡ್ಡದರಲ್ಲಿ ಹಾಕಿದ ಹಣದಲ್ಲಿ ಸುಮಾರು 10 ಲಕ್ಷ ನಷ್ಟ, ಚಿಕ್ಕದರಲ್ಲಿ 1.25 ಲಕ್ಷ ಉಳಿಕೆ.

ಒಳ್ಳೆಯ ಕಾಲದಲ್ಲಿ ಎರಡೂ ಒಂದೇ, ಕೆಟ್ಟ ಕಾಲದಲ್ಲಿ ದೊಡ್ಡದು ನೆಲ ಕಚ್ಚುತ್ತದೆ. ಅಪಾಯ ಹೊತ್ತದ್ದಕ್ಕೆ ಕೂಲಿಯೇ ಸಿಗುತ್ತಿಲ್ಲ ಎಂದ ಮೇಲೆ ಅದನ್ನು ಹೊರುವುದೇಕೆ?

ಶೇ 6.5ರ ಬ್ಯಾಂಕ್ ಠೇವಣಿ ಶೇ 30ರ ತೆರಿಗೆ, ಸೆಸ್ ಕಳೆದು 4.5 ಕೊಡುತ್ತದೆ. ಚಿಕ್ಕ ಫ್ಲ್ಯಾಟಿನ 5.3 ಅದಕ್ಕಿಂತ ತುಸು ಮಾತ್ರ ಹೆಚ್ಚು. ಬೆಲೆ ಶೇ 3ರಂತೆ ಏರಿದರೆ ಠೇವಣಿಯೇ ಮೇಲು. ಬೆಂಗಳೂರಿನಲ್ಲಿ ಮನೆ ಕೊಂಡರೆ ಕೈ ಬಿಡುವುದೇ ಇಲ್ಲ ಎಂದು ನಂಬಿರುವವರು ಈ ಲೆಕ್ಕವನ್ನು ತಮ್ಮ ಅಂಕಿ ಹಾಕಿ ಒಮ್ಮೆ ಮಾಡಲೇಬೇಕು.

ತಿಂಗಳ ಹೊರೆಯಲ್ಲಿ ಅಂತರ ಇನ್ನೂ ಎದ್ದು ಕಾಣುತ್ತದೆ. ದೊಡ್ಡದರ ಕಂತು 20 ವರ್ಷಕ್ಕೆ 33,458. ನಿವ್ವಳ ಬಾಡಿಗೆ ಕಳೆದು ಮೊದಲ ವರ್ಷ ಕೈಯಿಂದ ಹೋಗುವುದು ತಿಂಗಳಿಗೆ 13,400. ಚಿಕ್ಕದರ ಕಂತು 18,199. ಬಾಡಿಗೆ ಆದಾಯದ ಮೇಲಿನ ತೆರಿಗೆಯನ್ನೂ ಸೇರಿಸಿ ಕೈಯಿಂದ ಹೋಗುವುದು 3,700ರ ಆಸುಪಾಸು. ಬಾಡಿಗೆಯಲ್ಲಿ ಶೇ 30 ವಿನಾಯಿತಿ ಕಳೆದು, ಸಾಲದ ಬಡ್ಡಿಯನ್ನೂ ಕಳೆದ ಮೇಲೆ ಉಳಿದದ್ದಕ್ಕೆ ತೆರಿಗೆ. ಹೊಸ ತೆರಿಗೆ ಪದ್ಧತಿಯಲ್ಲಿ ಬಡ್ಡಿ ಬಾಡಿಗೆಗಿಂತ ಹೆಚ್ಚಾದರೆ ಆ ನಷ್ಟವನ್ನು ಸಂಬಳದಿಂದ ಕಳೆಯಲಾಗದು. ದೊಡ್ಡ ಸಾಲಕ್ಕೆ ತೆರಿಗೆ ಉಳಿತಾಯದ ಸಮಾಧಾನವೂ ಹಾಗೆ ಹೋಯಿತು. ಹೆಂಡತಿಯ ಹೆಸರಿನಲ್ಲಿ ಕೊಂಡರೆ ತೆರಿಗೆ ಕಡಿಮೆಯಾಗದೇ ಎಂಬ ಪ್ರಶ್ನೆ ಬಂತು. ಹಣ ಗಂಡನದಾಗಿದ್ದರೆ ಬಾಡಿಗೆಯನ್ನು ಗಂಡನ ಆದಾಯಕ್ಕೇ ಸೇರಿಸುತ್ತಾರೆ, ಉಪಯೋಗವಿಲ್ಲ.

ಬಡ್ಡಿಯ ಪರೀಕ್ಷೆಯನ್ನೂ ಮಾಡಬೇಕು. 2022ರ ಮೇನಿಂದ 2023ರ ಫೆಬ್ರುವರಿಯೊಳಗೆ ರಿಸರ್ವ್ ಬ್ಯಾಂಕಿನ ರೆಪೊ ದರ (ಬ್ಯಾಂಕುಗಳಿಗೆ ಅದು ಕೊಡುವ ಸಾಲದ ಬಡ್ಡಿ) 4ರಿಂದ 6.5ಕ್ಕೆ ಏರಿತ್ತು. ಹಾಗೇ ಇನ್ನೊಮ್ಮೆ 2.5 ಏರಿ ಸಾಲ ಶೇ 10.5 ಆಯಿತೆನ್ನಿ. 40 ಲಕ್ಷದ ಮೇಲೆ ಬರೀ ಬಡ್ಡಿಯೇ ತಿಂಗಳಿಗೆ 35,000, ಅಂದರೆ ಹಳೆಯ ಕಂತಿಗಿಂತ ಹೆಚ್ಚು. ಬ್ಯಾಂಕಿನವರು ಸಾಮಾನ್ಯವಾಗಿ ಕಂತನ್ನು ಹಾಗೇ ಬಿಟ್ಟು ಅವಧಿ ಉದ್ದ ಮಾಡುತ್ತಾರೆ; ಇಲ್ಲಿ ಎಷ್ಟು ಉದ್ದ ಮಾಡಿದರೂ ಅಸಲು ತೀರದು, ಕಂತು ಏರಿಸಲೇಬೇಕು. ಕಂತು ಏರಿಸುವುದೋ, ಅವಧಿಯೋ, ನಿಗದಿತ ಬಡ್ಡಿಗೆ ಬದಲಾಗುವುದೋ ಎಂದು ಸಾಲಗಾರರನ್ನು ಕೇಳಬೇಕು ಎಂಬ ನಿಯಮವನ್ನು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ತಂದಿದೆ. ಆ ಪತ್ರ ಬಂದಾಗ ಸುಮ್ಮನಿರಬಾರದು. ಚಿಕ್ಕ ಸಾಲದಲ್ಲಿ ಅದೇ ಏರಿಕೆಗೆ ಕಂತು 2,041 ರೂಪಾಯಿ ಹೆಚ್ಚುತ್ತದೆ, ಅಷ್ಟೇ.

ಇನ್ನೊಂದು ಅಂಶ ಚಿಕ್ಕದರ ಪರವಾಗಿತ್ತು. ಕಟ್ಟಡ ಸವೆಯುತ್ತದೆ, ಬೆಲೆ ಏರುವುದು ನೆಲದ್ದು. ಮೂರು ಅಂತಸ್ತಿನ ಕಟ್ಟಡದ ಈ ಫ್ಲ್ಯಾಟಿಗೆ ಕ್ರಯಪತ್ರದಲ್ಲಿ 310 ಚದರ ಅಡಿ ಯುಡಿಎಸ್, ಅಂದರೆ ನೆಲದಲ್ಲಿ ಅವಿಭಜಿತ ಪಾಲು, ಇದೆ. ದೊಡ್ಡದಕ್ಕೆ ಇರುವುದು 270 ಮಾತ್ರ.

ಚೌಕಾಸಿ, ಕಾಗದ, ಹಣ

61 ಲಕ್ಷ 56ಕ್ಕೆ ಇಳಿದದ್ದು ಮಾತಿನ ಚಾತುರ್ಯದಿಂದಲ್ಲ. ಅದೇ ಕಟ್ಟಡದ ಬೇರೆ ಫ್ಲ್ಯಾಟ್ ನಂಬರುಗಳ ಮೇಲೆ ಕಾವೇರಿಯಲ್ಲಿ ಇಸಿ ತೆಗೆಸಿದರೆ ಯಾರು ಯಾವಾಗ ಎಷ್ಟಕ್ಕೆ ಕೊಂಡರು ಎಂಬ ಕ್ರಯದ ಮೊತ್ತ ಅದರಲ್ಲೇ ಇರುತ್ತದೆ. ಈಚಿನ ಮೂರು ನೋಂದಣಿ 54, 55.5 ಮತ್ತು 57 ಲಕ್ಷ. ಜಾಹೀರಾತಿನ ಬೆಲೆ ನೋಡಿ ಚೌಕಾಸಿ ಮಾಡುವುದಕ್ಕಿಂತ ಇದು ಎಷ್ಟೋ ವಾಸಿ, ನೋಂದಣಿಯ ಮೊತ್ತದಲ್ಲಿ ನಗದಿನ ಭಾಗ ಮುಚ್ಚಿಟ್ಟಿರಬಹುದು ಎಂಬ ಎಚ್ಚರ ಇದ್ದರೆ ಸಾಕು. ಐದು ಲಕ್ಷದ ಬೆಲೆ ಎಷ್ಟು ಗೊತ್ತೇ? 61ಕ್ಕೇ ಕೊಂಡು, ಎಂಟು ವರ್ಷದ ಮೇಲೆ 56ಕ್ಕೆ ಕೊಂಡಾಗ ಸಿಗುತ್ತಿದ್ದ ಬೆಲೆಗೇ ಮಾರಿದ್ದರೆ 5.3ರ ಜಾಗದಲ್ಲಿ ಪ್ರತಿಫಲ 4.0. ಠೇವಣಿಗಿಂತ ಕಡಿಮೆ.

ಮಾಲೀಕರು ಐದು ಲಕ್ಷ ನಗದು ಕೇಳಿದರು, 51ಕ್ಕೆ ನೋಂದಣಿ. ಇದರಿಂದ ಕೊಳ್ಳುವವರಿಗೆ ಶೇ 7.6ರಂತೆ 38,000 ಉಳಿಯುತ್ತದೆ. ಮುಂದೆ ಮಾರುವಾಗ ಆ ಐದು ಲಕ್ಷ ಖರೀದಿ ವೆಚ್ಚದಲ್ಲಿ ಸಿಗುವುದಿಲ್ಲ, 65,000 ತೆರಿಗೆ ಹೆಚ್ಚಾಗುತ್ತದೆ. ವ್ಯವಹಾರ ಮುರಿದರೆ ನಗದಿಗೆ ಸಾಕ್ಷಿಯೂ ಇಲ್ಲ. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಹೆಚ್ಚು ನಗದು ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಇದನ್ನು ಕಾಗದದ ಮೇಲೆ ಬರೆದು ತೋರಿಸಿದ ಮೇಲೆ ಪೂರ್ತಿ ಬ್ಯಾಂಕ್ ಮೂಲಕ ಎಂದು ಒಪ್ಪಿದರು.

ಟೋಕನ್ 1 ಲಕ್ಷ. ಕ್ರಯದ ಕರಾರಿನಲ್ಲಿ, ವಕೀಲರ ಅಭಿಪ್ರಾಯ ವಿರುದ್ಧವಾಗಿ ಬಂದರೆ ಅಥವಾ ಬ್ಯಾಂಕ್ ಕಾಗದದ ಕಾರಣಕ್ಕೆ ಸಾಲ ನಿರಾಕರಿಸಿದರೆ 15 ದಿನದಲ್ಲಿ ಹಣ ವಾಪಸ್ ಎಂಬ ಷರತ್ತು ಸೇರಿಸಿದರು. ನಂತರದ ಪರಿಶೀಲನೆಯಲ್ಲಿ ಮೂರು ಕಡೆ ಹೆಚ್ಚು ಹೊತ್ತು ಕೂರಬೇಕಾಯಿತು.

ಒಂದು, ಓಸಿ. ಅದು ಇದೆ ಎಂಬುದಷ್ಟೇ ಸಾಲದು. ಮಂಜೂರಾದ ನಕ್ಷೆಯಲ್ಲಿ ಈ ಫ್ಲ್ಯಾಟ್ ನಂಬರ್, ಈ ಅಂತಸ್ತು ಇದೆಯೇ ಎಂದು ನೋಡಬೇಕು. ನಕ್ಷೆ ಮೀರಿ ಮೇಲೊಂದು ಅಂತಸ್ತು ಎತ್ತಿದ ಕಟ್ಟಡಗಳಲ್ಲಿ ದೋಷ ಇರುವುದು ಅಲ್ಲೇ. ಓಸಿ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಈ ಕಾಗದದ ತೂಕ ಇನ್ನೂ ಹೆಚ್ಚಿದೆ.

ಎರಡು, ಮಾಲೀಕರ ಹಳೆಯ ಸಾಲ. 11 ಲಕ್ಷ ಬಾಕಿ ಇತ್ತು, ಮೂಲಪತ್ರಗಳು ಅವರ ಬ್ಯಾಂಕಿನಲ್ಲಿದ್ದವು. ಬಾಕಿ ಮೊತ್ತದ ಪತ್ರ ಮತ್ತು ಬ್ಯಾಂಕಿನಲ್ಲಿರುವ ದಾಖಲೆಗಳ ಪಟ್ಟಿ ಪಡೆದು, ಆ 11 ಲಕ್ಷವನ್ನು ಮಾಲೀಕರ ಕೈಗೆ ಕೊಡದೆ ನೇರ ಸಾಲದ ಖಾತೆಗೆ ಹಾಕಿದರು. ಮೂಲಪತ್ರಗಳನ್ನು ಪಟ್ಟಿಯೊಂದಿಗೆ ತಾಳೆ ನೋಡಿ, ಅಡಮಾನ ಬಿಡುಗಡೆ ನೋಂದಣಿಯಾಗಿ ಅದು ಹೊಸ ಇಸಿಯಲ್ಲಿ ಬಂದ ಮೇಲೆ ಶುದ್ಧ ಕ್ರಯಪತ್ರ. ಇ-ಖಾತಾ (ಖಾತೆಯ ಡಿಜಿಟಲ್ ರೂಪ) ಇಲ್ಲದೆ ಈಗ ನಗರದಲ್ಲಿ ನೋಂದಣಿ ಆಗುವುದಿಲ್ಲ. ಅದರಲ್ಲಿನ ಹೆಸರು, ಅಳತೆ ಹಳೆಯ ಕ್ರಯಪತ್ರಕ್ಕೆ ಹೊಂದದಿದ್ದರೆ ತಿದ್ದುಪಡಿ ಮಾಲೀಕರ ಹೆಸರಿನಲ್ಲೇ ಆಗಿ ಮುಗಿಯಬೇಕು. ಬೆಲೆ 50 ಲಕ್ಷ ಮುಟ್ಟಿದ್ದರಿಂದ ಶೇ 1 ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ), 56,000 ರೂಪಾಯಿ, ಕೊಳ್ಳುವವರೇ ಹಿಡಿದು ಆ ತಿಂಗಳು ಮುಗಿದ 30 ದಿನದೊಳಗೆ ಕಟ್ಟಬೇಕು. ಮಾಲೀಕರು ಅನಿವಾಸಿಯಾಗಿದ್ದರೆ ಈ ಶೇ 1 ನಡೆಯದು, ಹಿಡಿಯಬೇಕಾದ ದರ ಎಷ್ಟೋ ಹೆಚ್ಚು. ಹಿಡಿಯದೆ ಕೊಟ್ಟರೆ ತೆರಿಗೆ ಇಲಾಖೆ ಕೇಳುವುದು ಕೊಂಡವರನ್ನು.

ಮೂರು, ನೀರು. ಸಂಘದವರು ತೋರಿಸಿದ್ದು ಸೆಪ್ಟೆಂಬರ್‌ನ ಮೇಂಟೆನೆನ್ಸ್ ಬಿಲ್, 2,600. ಕೇಳಿ ಪಡೆದ ಏಪ್ರಿಲ್ ಬಿಲ್ 3,900, ಹೆಚ್ಚುವರಿ ಪೂರ್ತಿ ಟ್ಯಾಂಕರ್‌ದು. ಬಾಡಿಗೆದಾರರು ಕೊಟ್ಟರೆ ನಮಗೇನು ಎನ್ನುವಂತಿಲ್ಲ. ಅವರು ನೋಡುವುದು ಬಾಡಿಗೆ, ಮೇಂಟೆನೆನ್ಸ್ ಕೂಡಿದ ಮೊತ್ತ. ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಕಾವೇರಿ ನೀರಿನ ಸಂಪರ್ಕ ಇದೆಯೇ, ಬೋರ್‌ವೆಲ್ ಬೇಸಿಗೆಯಲ್ಲಿ ಎಷ್ಟು ಗಂಟೆ ಎತ್ತುತ್ತದೆ, ಲಿಫ್ಟ್ ಯಾವ ವರ್ಷದ್ದು, ಕಾರ್ಪಸ್ ನಿಧಿಯಲ್ಲಿ ಎಷ್ಟಿದೆ ಎಂಬುದನ್ನು ಸಂಘದ ಲೆಕ್ಕಪತ್ರದಲ್ಲೇ ನೋಡಬೇಕು. ಹನ್ನೆರಡು ವರ್ಷದ ಲಿಫ್ಟು, ಬರಿದಾದ ನಿಧಿ ಎರಡೂ ಒಟ್ಟಿಗೆ ಇದ್ದರೆ ವಿಶೇಷ ವಂತಿಗೆ ಕೇಳುವ ದಿನ ದೂರವಿಲ್ಲ.

ಕೊಂಡ ಮೇಲೆ

55ರಲ್ಲಿ ಉಳಿದದ್ದು 7.23 ಲಕ್ಷ. ಮನೆ ಖಾಲಿ ಬಿದ್ದರೂ ಕಂತು, ಮೇಂಟೆನೆನ್ಸ್ ಸೇರಿ ತಿಂಗಳಿಗೆ 20,800ರಂತೆ 34 ತಿಂಗಳು ತಡೆಯುತ್ತದೆ. ಇದನ್ನು ಠೇವಣಿಯಲ್ಲೇ ಇಡಬೇಕು, ಸಾಲಕ್ಕೆ ತುಂಬಬಾರದು. ಬದಲಾಗುವ ಬಡ್ಡಿಯ ಗೃಹಸಾಲಕ್ಕೆ ಮುಂಗಡ ಪಾವತಿಯ ದಂಡ ಇಲ್ಲ, ಹಾಗಾಗಿ ಸಂಬಳದಲ್ಲಿ ಉಳಿದದ್ದನ್ನು ಆಗಾಗ ಅಸಲಿಗೆ ಹಾಕಬಹುದು.

ಬಾಡಿಗೆದಾರರಿಂದ ಐದು ತಿಂಗಳ ಅಡ್ವಾನ್ಸ್, 1 ಲಕ್ಷ. ಅದನ್ನು ಬಣ್ಣಕ್ಕೆ, ಕಪಾಟಿಗೆ ಖರ್ಚು ಮಾಡಿಬಿಟ್ಟವರೇ ಮನೆ ಬಿಡುವ ದಿನ ಜಗಳಕ್ಕೆ ನಿಲ್ಲುವುದು. ಪ್ರತ್ಯೇಕ ಠೇವಣಿ ಮಾಡಿದರೆ ಆ ತಾಪತ್ರಯವಿಲ್ಲ. ಕರಾರು 11 ತಿಂಗಳದು, ನವೀಕರಣಕ್ಕೆ ಶೇ 5 ಏರಿಕೆ ಎಂದು ಬರೆದಿದೆ. ಅದನ್ನು ಪಟ್ಟು ಹಿಡಿದು ಕೇಳುವ ಮುಂಚೆ ಒಂದು ಲೆಕ್ಕ ಮಾಡಬೇಕು. ಏರಿಕೆಯಿಂದ ವರ್ಷಕ್ಕೆ ಬರುವುದು 12,000. ಆ ಕಾರಣಕ್ಕೆ ಒಳ್ಳೆಯ ಬಾಡಿಗೆದಾರರು ಹೋದರೆ ಒಂದು ತಿಂಗಳ ಬಾಡಿಗೆ 20,000, ಮೇಂಟೆನೆನ್ಸ್ 2,600, ಬಣ್ಣಕ್ಕೆ 15,000, ಒಟ್ಟು 37,600 ಹೋಗುತ್ತದೆ. ಹೊತ್ತಿಗೆ ಸರಿಯಾಗಿ ಬಾಡಿಗೆ ಹಾಕಿ ಮನೆಯನ್ನು ಚೆನ್ನಾಗಿ ಇಟ್ಟುಕೊಂಡವರಿಗೆ ಒಂದು ವರ್ಷ ಏರಿಕೆ ಬಿಟ್ಟರೂ ಮಾಲೀಕರಿಗೆ ನಷ್ಟವಿಲ್ಲ.

ದೊಡ್ಡ ಫ್ಲ್ಯಾಟು ಕೊಂಡಿದ್ದರೆ ಪ್ರತಿ ತಿಂಗಳೂ ಹೋಗುತ್ತಿದ್ದ 13,400ರಲ್ಲಿ ಸುಮಾರು 9,700 ಈಗ ಕೈಯಲ್ಲೇ ಇದೆ. ಅದು ಮಗಳ ಹೆಸರಿನಲ್ಲಿ ಬೇರೆ ಹೂಡಿಕೆಗೆ ಹೋಗುತ್ತಿದೆ, ಏಕೆಂದರೆ ಕೂಡಿಟ್ಟದ್ದರಲ್ಲಿ ಬಹುಪಾಲು ಒಂದೇ ಫ್ಲ್ಯಾಟಿನಲ್ಲಿ ಕೂತಿರುವುದೂ ಒಂದು ಅಪಾಯವೇ. ಮಾರಾಟದ ಪ್ರಯತ್ನ ಏಳನೇ ವರ್ಷ ಮುಗಿಯುತ್ತಲೇ ಶುರುವಾಗಬೇಕು. ಒಳ್ಳೆಯ ಗಿರಾಕಿ ಸಿಕ್ಕಿ, ಅವರ ಬ್ಯಾಂಕ್ ಸಾಲ ಮಂಜೂರಾಗಿ ಹಣ ಕೈಗೆ ಬರಲು ಆರು ತಿಂಗಳು ಹಿಡಿಯಬಹುದು, ಕಾಲೇಜಿನ ಶುಲ್ಕದ ದಿನಾಂಕ ಮುಂದೆ ಹೋಗುವುದಿಲ್ಲ. ಅಷ್ಟರಲ್ಲಿ ಕಟ್ಟಡಕ್ಕೆ ಇಪ್ಪತ್ತು ವರ್ಷ ಆಗಿರುತ್ತದೆ, ಕೊಳ್ಳುವವರ ಬ್ಯಾಂಕ್ ಕಟ್ಟಡದ ಉಳಿದ ಆಯುಷ್ಯ ಕೇಳುತ್ತದೆ. ಸೋರಿಕೆ, ಲಿಫ್ಟ್, ಹೊರಗೋಡೆಯ ಬಣ್ಣದ ಕೆಲಸಗಳನ್ನು ಆರನೇ ವರ್ಷದಲ್ಲೇ ಮುಗಿಸಿಕೊಳ್ಳಲು ಸಂಘದ ಸಭೆಯಲ್ಲಿ ಈಗಿನಿಂದಲೇ ಮಾತೆತ್ತಬೇಕು, ಅದಕ್ಕೆ ಬೇಕಾದ ಕಾರ್ಪಸ್ ವಂತಿಗೆಯನ್ನು ಮೇಲಿನ ಲೆಕ್ಕದಲ್ಲಿ ಆಗಲೇ ಹಿಡಿದಾಗಿದೆ.